ಅಂಗೈ ಅಗಲದ ಸಿಂಥಸೈಜರ್‌ಗೆ ಅಷ್ಟು ದುಡ್ಡು ಕೊಡಬಹುದೇ?

ಪ್ರಶ್ನೆ: ನಾನು ದಾವಣಗೆರೆ ನಿಟ್ಟುವಳ್ಳಿಯವನು. ಭರಮಸಾಗರದ ಕಡೆ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು, ದಿನಾ ಬಸ್ಸಿನ ಓಡಾಟ. ಅಪ್ಪನಿಂದ ಹಾರ್ಮೋನಿಯಂ ಕಲಿತಿದ್ದೇನೆ. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ವಚನ, ದಾಸರ ಪದ, ಭಾವಗೀತೆಗೆ ನುಡಿಸುತ್ತೇನೆ, ಹಾಡುತ್ತೇನೆ. ನನ್ನ ಶ್ರುತಿ ಕಪ್ಪು ಎರಡು, ಅಂದರೆ ಸಪ್ತಕದ ಎರಡನೇ ಕಪ್ಪು ಕೀ. ಈಚೆಗೆ ಯೂಟ್ಯೂಬ್‌ನಲ್ಲಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಿಂಥಸೈಜರ್‌ಗಳನ್ನು ನೋಡಿ ಆಸೆ ಹುಟ್ಟಿದೆ. ಒಂದಕ್ಕೆ ಏಳೆಂಟು ಸಾವಿರ, ಇನ್ನೊಂದಕ್ಕೆ ಇಪ್ಪತ್ತು ಸಾವಿರ, ಸ್ವೀಡನ್ನಿನದೊಂದಕ್ಕೆ ಎರಡು ಲಕ್ಷದ ಹತ್ತಿರ ಹೇಳುತ್ತಾರೆ. ನನ್ನ ಕೈಯಲ್ಲಿರುವುದು ನಲವತ್ತೈದು ಸಾವಿರ. ಗೆಳೆಯ ‘ಅದು ಆಟದ ಸಾಮಾನು’ ಅಂತಾನೆ. ಮಗಳು ‘ಫೋನಿನಲ್ಲೇ ಎಲ್ಲಾ ಬರುತ್ತೆ ಅಪ್ಪಾ’ ಅಂತಾಳೆ. ನನ್ನಂಥ ಹವ್ಯಾಸಿಗೆ ಇದು ಕೊಟ್ಟ ದುಡ್ಡಿಗೆ ತಕ್ಕ ವಸ್ತುವೇ?

ಉತ್ತರ: ಮೇಷ್ಟ್ರೇ, ಭಜನೆಗೆ ಅಂತ ಕೊಳ್ಳುವುದಾದರೆ ಬೇಡ, ದುಡ್ಡು ದಂಡ. ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ನಿಮ್ಮದೇ ಒಂದು ಸದ್ದು ಕಟ್ಟುವ ಆಸೆಗೆ ಕೊಳ್ಳುವುದಾದರೆ ಖಂಡಿತ ಕೊಳ್ಳಿ, ಆದರೆ ಇಪ್ಪತ್ತು ಸಾವಿರದ ಗೆರೆ ದಾಟಬೇಡಿ. ಎರಡು ಲಕ್ಷದ್ದನ್ನು ವಿಡಿಯೊದಲ್ಲೇ ನೋಡಿ ಸಂತೋಷಪಡಿ. ನಿಮ್ಮ ಮಗಳು ಹೇಳಿದ್ದರಲ್ಲಿ ಮುಕ್ಕಾಲು ನಿಜ ಇದೆ. ಗೆಳೆಯರು ಹೇಳಿದ್ದರಲ್ಲಿ ಕಾಲು ಭಾಗವೂ ಇಲ್ಲ.

ನೀವು ಆಸೆಪಟ್ಟ ವಸ್ತು ಕೀಬೋರ್ಡ್ ಅಲ್ಲ ಅನ್ನುವುದು ಮೊದಲು ತಲೆಯಲ್ಲಿರಲಿ. ನಮ್ಮ ಕಡೆ ಮೇಳದಲ್ಲಿ ಕಾಣುವ 61 ಕೀಗಳ ಯಮಹಾ, ಕ್ಯಾಸಿಯೊಗಳಲ್ಲಿ ಕೊಳಲು, ಸಿತಾರ್, ಪಿಟೀಲು, ತಬಲಾ ಎಲ್ಲಾ ಮೊದಲೇ ತುಂಬಿಟ್ಟಿರುತ್ತಾರೆ. ನಂಬರ್ ಒತ್ತಿದರೆ ಸದ್ದು ಸಿದ್ಧ. ಯಮಹಾದ ಪಿಎಸ್‌ಆರ್-ಐ500 ಥರದವನ್ನು ಇಂಡಿಯಾದ ಗಿರಾಕಿಗೇ ಅಂತ ಮಾಡಿದ್ದಾರೆ. ಈ ಪುಟ್ಟ ಸಿಂಥ್‌ಗಳಲ್ಲಿ ಬಹಳಷ್ಟರಲ್ಲಿ ಅಂಥದ್ದೇನೂ ಇಲ್ಲ. ಕೊಳಲು ಹುಡುಕಿದರೆ ಸಿಗುವುದಿಲ್ಲ. ಒಳಗಿರುವುದು ಆಸಿಲೇಟರ್, ಅಂದರೆ ಒಂದೇ ಸಮನೆ ಕುಂಯ್‌ಗುಡುವ ಒರಟು ಅಲೆ. ಅದರ ಮುಂದೆ ಫಿಲ್ಟರ್. ಬೀದಿಯಲ್ಲಿ ರಸಮಂಜರಿ ನಡೆಯುವಾಗ ಮನೆ ಬಾಗಿಲು ಹಾಕಿಕೊಂಡರೆ ತಾಳದ ಚಿಂಚಿಣಿ ಅಡಗಿ ಬರೀ ‘ಗುಂ’ ಉಳಿಯುತ್ತದಲ್ಲ, ಫಿಲ್ಟರ್ ಮಾಡುವ ಕೆಲಸ ಅದೇ. ಬಾಗಿಲು ಎಷ್ಟು ತೆರೆಯಬೇಕು ಅನ್ನುವುದು ನಿಮ್ಮ ಬೆರಳ ತುದಿಯ ನಾಬ್‌ನಲ್ಲಿರುತ್ತದೆ. ಆಮೇಲೆ ಎನ್ವಲಪ್: ಒತ್ತಿದ ಕೂಡಲೇ ಸದ್ದು ಚುರುಕಾಗಿ ಏಳಬೇಕೋ ಮೆಲ್ಲಗೆ ಉಬ್ಬಬೇಕೋ, ಬಿಟ್ಟ ಮೇಲೆ ಎಷ್ಟು ಹೊತ್ತು ಉಳಿಯಬೇಕು ಅನ್ನುವುದನ್ನು ಅದು ನೋಡಿಕೊಳ್ಳುತ್ತದೆ. ಜೊತೆಗೆ ಸಣ್ಣ ಸೀಕ್ವೆನ್ಸರ್, ನೀವು ನುಡಿಸಿದ್ದನ್ನು ನೆನಪಿಟ್ಟುಕೊಂಡು ಸುತ್ತುಸುತ್ತಾಗಿ ಮತ್ತೆ ಮತ್ತೆ ನುಡಿಸುವ ಯಂತ್ರ. 1970ರ ಮಿನಿಮೂಗ್ ಸಿಂಥ್‌ನಿಂದ ಇವತ್ತಿನ ಅಂಗೈ ಪೆಟ್ಟಿಗೆಯವರೆಗೆ ಮೂಲ ಕೆಲಸ ಹೆಚ್ಚು ಬದಲಾಗಿಲ್ಲ. ಬದಲಾದದ್ದು ಗಾತ್ರ, ಬೆಲೆ.

ಆ ಬೆಲೆ ಯಾತಕ್ಕೆ ಇಷ್ಟೊಂದು ಏರುಪೇರು? ನೀವು ನೋಡಿದ ಸ್ವೀಡನ್ನಿನ ವಸ್ತು ಸ್ಟಾಕ್‌ಹೋಮ್‌ನ ಟೀನೇಜ್ ಎಂಜಿನಿಯರಿಂಗ್ ಕಂಪನಿಯದು. 2011ರಲ್ಲಿ ಒಪಿ-1 ಬಂತು: ಎರಡು ಸಪ್ತಕದ ಕೀ, ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರಿನಂತೆ ಕೆಲಸ ಮಾಡುವ ಧ್ವನಿಮುದ್ರಣ, ಚಂದದ ಪರದೆ. 2022ರಲ್ಲಿ ಅದರ ಮುಂದಿನ ಆವೃತ್ತಿ ಒಪಿ-1 ಫೀಲ್ಡ್ ಬಂದಾಗ ಅಮೆರಿಕದಲ್ಲಿ ಬೆಲೆ 1,999 ಡಾಲರ್. ರೂಪಾಯಿಗೆ ತಿರುಗಿಸಿದರೇ ಒಂದೂವರೆ ಲಕ್ಷ ದಾಟುತ್ತದೆ. ಅದರ ಮೇಲೆ ಆಮದು ಸುಂಕ, ಜಿಎಸ್‌ಟಿ, ಮಾರುವವನ ಲಾಭ. ಅದೇ ಕಂಪನಿ 2015ರಲ್ಲಿ ಪಾಕೆಟ್ ಆಪರೇಟರ್ ಅಂತ ಕ್ಯಾಲ್ಕ್ಯುಲೇಟರಿನಂಥ ಬರೀ ಬೋರ್ಡನ್ನು 59 ಡಾಲರ್‌ಗೆ ಮಾರಿತು. ಕವಚವೂ ಇಲ್ಲ, ಎರಡು ಸಣ್ಣ ಎಎಎ ಸೆಲ್ಲು ಹಾಕಿದರೆ ಸಾಕು. ಎರಡರ ನಡುವಿನ ಅಂತರ ಬರೀ ಸದ್ದಿನ ಗುಣದ್ದಲ್ಲ. ಲೋಹದ ಮೈ, ಪರದೆ, 24 ಗಂಟೆ ಬಾಳುವ ಬ್ಯಾಟರಿ, ಎಲ್ಲವನ್ನೂ ಒಂದೇ ಕಡೆ ಮಾಡಿ ಮುಗಿಸುವ ಅನುಕೂಲ, ಜೊತೆಗೆ ಹೆಸರು, ಇಷ್ಟಕ್ಕೆ ಆ ದುಡ್ಡು. ಊರೂರು ಸುತ್ತುತ್ತಾ ಹಾಡು ಬರೆದು ಅದರಿಂದಲೇ ಜೀವನ ಮಾಡುವವನಿಗೆ ಅದು ಲೆಕ್ಕಕ್ಕೆ ಬಂದೀತು. ಸಂಬಳದಲ್ಲಿ ಉಳಿಸಿ ಕೊಳ್ಳುವ ನಮ್ಮ ನಿಮ್ಮಂಥವರಿಗೆ ಬರುವುದಿಲ್ಲ.

ಈ ಎರಡು ತುದಿಗಳ ನಡುವೆಯೇ ನಿಜವಾದ ಸಂತೆ ಇರುವುದು. ಕಾರ್ಗ್ ಕಂಪನಿಯ ವೋಲ್ಕಾ ಸಾಲು 2013ರಲ್ಲಿ ಶುರುವಾಯಿತು. ಅದರಲ್ಲಿ ವೋಲ್ಕಾ ಕೀಸ್ ಒಂದೇ ಹೊತ್ತಿಗೆ ಮೂರು ಸ್ವರ ಹೊರಡಿಸುತ್ತದೆ, ಸಣ್ಣ ಸ್ಪೀಕರ್ ಒಳಗೇ ಇದೆ, ಆರು ಎಎ ಸೆಲ್ಲಿನಲ್ಲಿ ಹತ್ತು ಗಂಟೆಯ ಆಸುಪಾಸು ನಡೆಯುತ್ತದೆ. ರೋಲ್ಯಾಂಡ್‌ನ ಐರಾ ಕಾಂಪ್ಯಾಕ್ಟ್ ಸಾಲಿನ ಎಸ್-1 2023ರದು, ನಾಲ್ಕು ಸ್ವರ, ಒಳಗೇ ಚಾರ್ಜಾಗುವ ಬ್ಯಾಟರಿ, ಅಮೆರಿಕದಲ್ಲಿ 200 ಡಾಲರ್ ಆಸುಪಾಸಿಗೆ ಬಿಡುಗಡೆಯಾಯಿತು. ಇನ್ನೂ ಮೇಲಕ್ಕೆ ಹೋದರೆ 37 ಪುಟ್ಟ ಕೀಗಳ ಯಮಹಾ ರೀಫೇಸ್ ಸಿಎಸ್, 2002ರಲ್ಲಿ ಬಂದ ಕಾರ್ಗ್ ಮೈಕ್ರೊಕಾರ್ಗ್. ಅವು ನಿಮ್ಮ ನಲವತ್ತೈದರ ಅಂಚಿಗೆ ಬರುತ್ತವೆ. ಕೊಳ್ಳುವ ದಿನ ಎರಡು ಮೂರು ಕಡೆ ವಿಚಾರಿಸಿ, ಈ ಸಾಮಾನಿನ ಬೆಲೆ ಅಂಗಡಿಯಿಂದ ಅಂಗಡಿಗೆ ಸಾವಿರಗಟ್ಟಲೆ ಬದಲಾಗುತ್ತದೆ.

ಈಗ ನಿಮ್ಮ ಮಗಳ ಮಾತು. ಇದನ್ನು ತಳ್ಳಿಹಾಕಿ ಮುಂದೆ ಹೋಗುವ ಹಾಗಿಲ್ಲ. ಇವತ್ತು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಸಿಗುವ ಸಿಂಥ್ ತಂತ್ರಾಂಶಗಳು ಸದ್ದಿನ ವಿಚಾರದಲ್ಲಿ ಈ ಪೆಟ್ಟಿಗೆಗಳಿಗೆ ಏನೂ ಕಡಿಮೆ ಇಲ್ಲ. ಐಫೋನ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ. ಆಂಡ್ರಾಯ್ಡ್‌ನಲ್ಲಿ ಎಫ್ಎಲ್ ಸ್ಟುಡಿಯೊ ಮೊಬೈಲ್ ಅಲ್ಪ ಬೆಲೆಗೆ ಸಿಗುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಸರ್ಜ್ ಎಕ್ಸ್‌ಟಿ, ವೈಟಲ್‌ನ ಉಚಿತ ಆವೃತ್ತಿ, ಡೆಕ್ಸೆಡ್. ಈ ಡೆಕ್ಸೆಡ್ ಅನ್ನುವುದು ಯಮಹಾ 1983ರಲ್ಲಿ ತಂದ ಡಿಎಕ್ಸ್7 ಸಿಂಥ್‌ನ ಅನುಕರಣೆ. ಒಂದು ಕಾಲಕ್ಕೆ ದುಡ್ಡು ಸುರಿದು ಕೊಳ್ಳಬೇಕಾಗಿದ್ದ ಸದ್ದನ್ನು ಈಗ ಪುಕ್ಕಟೆ ಇಳಿಸಿಕೊಳ್ಳಬಹುದು. ಇದಕ್ಕೆ 25 ಕೀಗಳ ಯುಎಸ್‌ಬಿ ಮಿಡಿ ಕೀಬೋರ್ಡ್ ಒಂದನ್ನು ಜೋಡಿಸಿದರೆ, ಒಂದು ಪುಟ್ಟ ಸಿಂಥ್‌ನ ಅರ್ಧ ಬೆಲೆಗೆ ಹತ್ತು ಸಿಂಥ್‌ಗಳ ಸದ್ದು ಕೈಯಲ್ಲಿರುತ್ತದೆ. ಮಿಡಿ ಅಂದರೆ ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದರ ಜೊತೆ ಇನ್ನೊಂದು ಮಾತಾಡುವ ರೀತಿ. ಅದೂ 1983ರಿಂದ ಇದೆ, ಇವತ್ತಿಗೂ ಕೆಲಸ ಮಾಡುತ್ತದೆ.

ಹಾಗಾದರೆ ಪೆಟ್ಟಿಗೆ ಯಾಕೆ ಬೇಕು? ನುಡಿಸಲು ಕೂತಾಗ ಫೋನು ಫೋನಾಗಿಯೇ ಇರುತ್ತದೆ, ಅದಕ್ಕೆ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬಿಇಒ ಕಚೇರಿಯ ಸುತ್ತೋಲೆ ಬರುತ್ತದೆ, ಬ್ಯಾಂಕಿನವನು ಸಾಲ ಬೇಕಾ ಅಂತ ಕೇಳುತ್ತಾನೆ, ಅಪ್ಡೇಟ್ ಆಗಿ ತಂತ್ರಾಂಶದ ಮುಖವೇ ಬದಲಾಗಿರುತ್ತದೆ. ಗಾಜಿನ ಮೇಲೆ ಚಿತ್ರದ ನಾಬ್ ತಿರುಗಿಸುವಾಗ ಕಣ್ಣು ಅಲ್ಲಿಂದ ಏಳುವ ಹಾಗಿಲ್ಲ. ನಿಜವಾದ ನಾಬ್ ಆದರೆ ಕಣ್ಣು ಮುಚ್ಚಿಕೊಂಡು ಒಂದು ಕೈಯಲ್ಲಿ ಸ್ವರ ಹಿಡಿದು ಇನ್ನೊಂದು ಕೈಯಲ್ಲಿ ಫಿಲ್ಟರ್ ತೆರೆಯಬಹುದು. ನೀವು ಹಾರ್ಮೋನಿಯಂನವರು, ಬಲಗೈ ಮನೆಗಳ, ಅಂದರೆ ಕೀಗಳ ಮೇಲೆ ಓಡುವಾಗ ಎಡಗೈ ತಿದಿಯಲ್ಲಿ ಉಸಿರು ತುಂಬುತ್ತದಲ್ಲ, ಆ ಅಭ್ಯಾಸ ಇಲ್ಲಿ ಸೀದಾ ಕೆಲಸಕ್ಕೆ ಬರುತ್ತದೆ. ನಾನು ಕಂಡ ಮಟ್ಟಿಗೆ ಕೀಬೋರ್ಡಿನಿಂದ ಬಂದವರಿಗಿಂತ ಹಾರ್ಮೋನಿಯಂನಿಂದ ಬಂದವರು ಸಿಂಥ್‌ನ ಎಡಗೈ ಕೆಲಸವನ್ನು ಬೇಗ ಹಿಡಿಯುತ್ತಾರೆ. ಇಪ್ಪತ್ತು ಸಾವಿರ ಕೊಡುವುದು ಸದ್ದಿಗಲ್ಲ, ಈ ಎಡಗೈ ಕೆಲಸಕ್ಕೆ. ಆದ್ದರಿಂದಲೇ, ಮೊದಲು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಒಂದು ತಿಂಗಳು ಆಡಿ ನೋಡಿ. ಸಿದ್ಧ ಸದ್ದುಗಳ ಪಟ್ಟಿಯಲ್ಲೇ ತಿರುಗಾಡುತ್ತಾ ‘ಕೊಳಲು ಎಲ್ಲಿ, ಸಿತಾರ್ ಎಲ್ಲಿ’ ಅಂತ ಹುಡುಕಿದಿರೋ, ನಿಮಗೆ ಬೇಕಾದದ್ದು 61 ಕೀಗಳ ಕೀಬೋರ್ಡು. ಒಂದೇ ಸದ್ದನ್ನು ಹಿಡಿದು ಕೆತ್ತುತ್ತಾ ಕೂತು ಹನ್ನೊಂದು ಗಂಟೆಯಾದದ್ದೇ ಗೊತ್ತಾಗಲಿಲ್ಲವೋ, ಪೆಟ್ಟಿಗೆ ಕೊಳ್ಳಿ.

ಆ ತಿಂಗಳ ಪರೀಕ್ಷೆಗೆ ಬ್ಲೂಟೂತ್ ಇಯರ್‌ಫೋನ್ ಮಾತ್ರ ಬಳಸಬೇಡಿ. ಬೆರಳು ಒತ್ತಿದ್ದಕ್ಕೂ ಕಿವಿಗೆ ಕೇಳುವುದಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ, ಎಷ್ಟೋ ಸಲ ಅದಕ್ಕೂ ಹೆಚ್ಚು ತಡವಾಗುತ್ತದೆ. ಹಾಡು ಕೇಳುವಾಗ ಅದು ಲೆಕ್ಕಕ್ಕಿಲ್ಲ, ನುಡಿಸುವಾಗ ತಾಳ ಕೆಟ್ಟು ತಲೆ ಕೆಡುತ್ತದೆ. ಜನ ಇದರಿಂದಲೇ ‘ಫೋನ್ ಸಿಂಥ್ ಸರಿಯಿಲ್ಲ’ ಅಂತ ಬಿಟ್ಟುಬಿಡುತ್ತಾರೆ. ತಂತಿಯ ಇಯರ್‌ಫೋನ್ ಹಾಕಿ.

ನಿಮ್ಮ ಶ್ರುತಿ ಕಪ್ಪು ಎರಡು ಅಂದಿರಿ. ವಿಡಿಯೊದವರು ಯಾರೂ ಹೇಳದ, ನಮ್ಮವರು ಕೊಂಡ ಮೇಲೆ ಪರದಾಡುವ ಜಾಗ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಹಾಡಿನ ಜೊತೆ ನುಡಿಸಲು ಸಾಮಾನ್ಯವಾಗಿ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಜಾಗ ಬೇಕು. ಅದು ಸರಿಯಾಗಿ ಎರಡು ಸಪ್ತಕ, 25 ಮನೆ. ಚಿಕ್ಕ ಕೀಬೋರ್ಡಿನಲ್ಲಿ 25 ಮನೆ ಇದೆಯಲ್ಲ, ಸಾಕಾಯಿತು ಅನ್ನಿಸುತ್ತದೆ. ಆದರೆ ಅದು ಬಿಳಿ ಒಂದರಿಂದ ಶುರುವಾಗಿ ಬಿಳಿ ಒಂದಕ್ಕೆ ಮುಗಿಯುತ್ತದೆ. ಮೊದಲ ಸಪ್ತಕದ ಕಪ್ಪು ಎರಡನ್ನು ಷಡ್ಜ ಮಾಡಿಕೊಂಡರೆ ಮಂದ್ರ ಪಂಚಮ ಕೀಬೋರ್ಡಿನ ಹೊರಗೆ ಬೀಳುತ್ತದೆ. ಎರಡನೇ ಸಪ್ತಕದ ಕಪ್ಪು ಎರಡಕ್ಕೆ ಹೋದರೆ ಮಂದ್ರ ಸಿಗುತ್ತದೆ, ತಾರ ಷಡ್ಜವೇ ಇಲ್ಲ. ಹಾಡಿನ ಮಧ್ಯೆ ಇಡೀ ಒಂದು ಸಪ್ತಕ ಮೇಲೆ ಕೆಳಗೆ ಸರಿಸುವ ಆಕ್ಟೇವ್ ಗುಂಡಿ ಒತ್ತುತ್ತಾ ಕೂರುವುದು ಆಗದ ಮಾತು. ಉಪಾಯ ಇದು: ಮೊದಲ ಸಪ್ತಕದ ಬಿಳಿ ನಾಲ್ಕನ್ನು ಷಡ್ಜ ಮಾಡಿಕೊಳ್ಳಿ. ಆಗ ಎಡಗಡೆಯ ಮೊದಲ ಕೀ ಮಂದ್ರ ಪಂಚಮ, ಬಲಗಡೆಯ ಕೊನೆಯ ಕೀ ತಾರ ಪಂಚಮ, ಒಂದು ಮನೆಯೂ ವ್ಯರ್ಥವಾಗುವುದಿಲ್ಲ. ಎಲ್ಲ ಮನೆಗಳ ಶ್ರುತಿಯನ್ನೂ ಒಟ್ಟಿಗೆ ಸರಿಸುವ ಟ್ರಾನ್ಸ್‌ಪೋಸ್ ಅನ್ನು ಎರಡು ಮನೆ ಕೆಳಕ್ಕೆ, ಮೈನಸ್ 2ಕ್ಕೆ ಇಟ್ಟರೆ ಕೇಳುವುದು ನಿಮ್ಮ ಕಪ್ಪು ಎರಡೇ. ಬಿಳಿ ಐದರಲ್ಲಿ ಹಾಡುವ ಹೆಣ್ಣುಮಕ್ಕಳಿಗಾದರೆ ಅದೇ ಬೆರಳು, ಪ್ಲಸ್ 2. ಹಾಗಾಗಿ 25 ಕೀಗಳದ್ದನ್ನು ಕೊಳ್ಳುವುದಾದರೆ ಅಂಗಡಿಯವನಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಒಂದೊಂದು ಮನೆಯಂತೆ ಟ್ರಾನ್ಸ್‌ಪೋಸ್ ಆಗುತ್ತದೆಯೇ, ಇಲ್ಲ ಬರೀ ಆಕ್ಟೇವ್ ಗುಂಡಿಯೇ? 37 ಕೀ ಇದ್ದರೆ ಈ ತಲೆನೋವೇ ಇಲ್ಲ. ಅದರಲ್ಲಿ ಯಾವ ಶ್ರುತಿಗೂ ಎರಡು ಪೂರ್ತಿ ಸಪ್ತಕ ಸಿಕ್ಕೇ ಸಿಗುತ್ತದೆ.

ಕೀ ಅಂದೆನಲ್ಲ, ವೋಲ್ಕಾ ಕೀಸ್‌ನಲ್ಲಿ ಇರುವುದು ಕೀಯಲ್ಲ, ಮುಟ್ಟಿದರೆ ಸ್ವರ ಬರುವ ಚಪ್ಪಟೆ ಪಟ್ಟಿ. ಎಸ್-1ರಲ್ಲಿ ಪುಟ್ಟ ಗುಂಡಿಗಳು. ಇವುಗಳಲ್ಲಿ ನೀವು ನಿಮ್ಮ ಓಟದ ತಾನಗಳನ್ನು ನುಡಿಸುತ್ತೇನೆ ಅಂದುಕೊಂಡಿದ್ದರೆ ಆ ಆಸೆ ಬಿಡಿ. ಅವು ನುಡಿಸುವ ವಾದ್ಯಗಳಲ್ಲ, ಸದ್ದು ಕಟ್ಟುವ, ಸುತ್ತು ಹೆಣೆಯುವ ಯಂತ್ರಗಳು. ಬೇಕಾದರೆ ಮುಂದೆ ಯಾವಾಗಲಾದರೂ ಮಿಡಿ ಕೇಬಲ್ ಹಾಕಿ ದೊಡ್ಡ ಕೀಬೋರ್ಡಿನಿಂದ ನುಡಿಸಬಹುದು.

ಗಮಕ ಬರುತ್ತದೆಯೇ ಅಂತ ನೀವು ಕೇಳಲಿಲ್ಲ, ಆದರೂ ಆ ಪ್ರಶ್ನೆ ಭಜನೆಯಲ್ಲಿ ಯಾರಾದರೂ ಹಿರಿಯರು ಎತ್ತೇ ಎತ್ತುತ್ತಾರೆ. ಹಾರ್ಮೋನಿಯಂ ಮೇಲಿನ ಹಳೇ ದೂರು ಇದು. ಆಕಾಶವಾಣಿ ಅದೇ ಕಾರಣಕ್ಕೆ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಹಾರ್ಮೋನಿಯಂನಲ್ಲೂ ಸಿಂಥ್‌ನಲ್ಲೂ ಸಪ್ತಕವನ್ನು 12 ಸಮ ಪಾಲು ಮಾಡಿರುತ್ತಾರೆ. ಸಪ್ತಕವನ್ನು 1200 ಸೆಂಟ್ ಅಂತ ಅಳೆದರೆ ಒಂದೊಂದು ಮನೆಗೆ 100. ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರ 386ರಲ್ಲಿದ್ದರೆ ಮನೆಯದು 400ರಲ್ಲಿ. ಆ 14 ಸೆಂಟಿನ ವ್ಯತ್ಯಾಸ ಸೂಕ್ಷ್ಮ ಕಿವಿಗೆ ಚುಚ್ಚುತ್ತದೆ. ನೀವು ಹಾರ್ಮೋನಿಯಂ ಜೊತೆ ಬೆಳೆದವರು, ಅದನ್ನು ಯಾವತ್ತೋ ಒಪ್ಪಿಕೊಂಡಿದ್ದೀರಿ. ಆದರೆ ಹಾರ್ಮೋನಿಯಂ ರೀಡಿಗೆ ಎಂದೂ ಆಗದ ಎರಡು ಕೆಲಸ ಸಿಂಥ್‌ಗೆ ಆಗುತ್ತವೆ. ಒಂದು ಪಿಚ್ ಬೆಂಡ್, ಚಕ್ರ ತಿರುಗಿಸಿ ಸ್ವರವನ್ನು ಎಳೆಯುವುದು. ಇನ್ನೊಂದು ಗ್ಲೈಡ್, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ನಮ್ಮ ಜಾರು, ಹಿಂದೂಸ್ತಾನಿಯವರ ಮೀಂಡ್. ಮೈಕ್ರೊಕಾರ್ಗ್‌ನಲ್ಲಿ ಚಕ್ರ ಇದೆ, ರೀಫೇಸ್ ಸಿಎಸ್‌ನಲ್ಲಿ ಸಣ್ಣ ಲಿವರ್ ಇದೆ, ವೋಲ್ಕಾ ಕೀಸ್‌ನಲ್ಲಿ ಬೆಂಡ್ ಇಲ್ಲ, ಗ್ಲೈಡ್‌ನ ನಾಬ್ ಇದೆ. ಕಾರ್ಗ್ ಮೊನೊಲಾಗ್ ಎಂಬುದರಲ್ಲಂತೂ ಒಂದೊಂದು ಸ್ವರದ ಸ್ಥಾನವನ್ನೇ ನಿಮಗೆ ಬೇಕಾದಂತೆ ಸರಿಸಬಹುದು, ಗಾಂಧಾರವನ್ನು 386ಕ್ಕೇ ತಂದು ಕೂರಿಸಬಹುದು. ಆದರೆ ಅದು ಒಂದು ಹೊತ್ತಿಗೆ ಒಂದೇ ಸ್ವರ ಹೊರಡಿಸುವ ಯಂತ್ರ. ಷಡ್ಜ ಹಿಡಿದು ಮೇಲೆ ನುಡಿಸುವ ನಿಮ್ಮ ಅಭ್ಯಾಸಕ್ಕೆ ಅದು ಒಗ್ಗುವುದಿಲ್ಲ.

ಈ ಜಾರುವಿಕೆಯ ಶಕ್ತಿ ನಮ್ಮ ದೇಶದವರೇ ಒಬ್ಬರಿಗೆ ಬೇಗ ಹೊಳೆಯಿತು. ರೋಲ್ಯಾಂಡ್ ಕಂಪನಿಯ ಟಿಬಿ-303 ಅನ್ನುವ ಪುಟ್ಟ ಪೆಟ್ಟಿಗೆ 1980ರ ದಶಕದ ಮೊದಲಲ್ಲಿ ಬಂತು, ಸೆಲ್ಲಿನಲ್ಲೂ ನಡೆಯುತ್ತಿತ್ತು. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಯಲ್ಲಿ ಬಾಸ್ ನುಡಿಸಲಿ ಅಂತ ಮಾಡಿದ್ದರು. ಯಾರೂ ಅಷ್ಟಾಗಿ ಕೊಳ್ಳಲಿಲ್ಲ, 1984ರ ಹೊತ್ತಿಗೆ ತಯಾರಿಕೆ ನಿಲ್ಲಿಸಿದರು. ಅದೇ ಪೆಟ್ಟಿಗೆಯನ್ನು ಇಟ್ಟುಕೊಂಡು 1982ರಲ್ಲಿ ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡ್ರಮ್ ಯಂತ್ರದ ತಾಳಕ್ಕೆ ಕೂರಿಸಿ ಧ್ವನಿಮುದ್ರಿಸಿದರು. ಆಗ ಅದಕ್ಕೂ ಗಿರಾಕಿ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಯುರೋಪಿನವರು ಹುಡುಕಿ ಕೇಳಿ ಬೆರಗಾದರು. ನಿಮ್ಮ ಗೆಳೆಯರು ‘ಆಟದ ಸಾಮಾನು’ ಅಂದಾಗ ಇದನ್ನು ಹೇಳಿ. ಅಷ್ಟಕ್ಕೂ ನಮ್ಮ ಗಾಯಕರ ಪಕ್ಕದಲ್ಲಿ ಕೂರುವ ಬೆಂಗಳೂರಿನ ರಾಡೆಲ್ ಕಂಪನಿಯ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯೂ ಎಲೆಕ್ಟ್ರಾನಿಕ್ಸ್‌ನಿಂದ ನಾದ ಹುಟ್ಟಿಸುವ ಪುಟ್ಟ ಪೆಟ್ಟಿಗೆಯೇ. ಅದನ್ನು ಯಾರೂ ಆಟದ ಸಾಮಾನು ಅನ್ನುವುದಿಲ್ಲ.

ತಾಳದ ವಿಚಾರ ಬೇಗ ಹೇಳಿಬಿಡುತ್ತೇನೆ. ಇವುಗಳ ಸೀಕ್ವೆನ್ಸರ್ ಬಹುಮಟ್ಟಿಗೆ 16 ಹೆಜ್ಜೆಯದು. ಎಂಟು ಮಾತ್ರೆಯ ಕೆಹರವಾ, ಆದಿತಾಳ ಸಲೀಸಾಗಿ ಕೂರುತ್ತವೆ. ನೀವು ನುಡಿಸುವ ಭಾವಗೀತೆಗಳಲ್ಲಿ ಎಷ್ಟೋ ದಾದ್ರಾದಲ್ಲಿರುತ್ತವೆ, ಆರು ಮಾತ್ರೆ, ಅದಕ್ಕೆ 12 ಹೆಜ್ಜೆ ಬೇಕು. ಮಿಶ್ರ ಛಾಪುವಿಗೆ 14. ವೋಲ್ಕಾದಲ್ಲಿ ಬೇಡದ ಹೆಜ್ಜೆಗಳನ್ನು ಆರಿಸಿ ಬಿಟ್ಟುಬಿಡುವ ಸೌಲಭ್ಯ ಇದೆ. ಬೇರೆ ಯಾವುದೇ ಕೊಂಡರೂ ಸುತ್ತನ್ನು 12ಕ್ಕೆ, 14ಕ್ಕೆ ಮೊಟಕು ಮಾಡಲು ಬರುತ್ತದೆಯೇ ನೋಡಿಕೊಳ್ಳಿ. ಬರದಿದ್ದರೆ ಬೇಡ.

ಬಸ್ಸಿನಲ್ಲಿ ನುಡಿಸುವ ಆಸೆ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಆನಗೋಡು ದಾಟುವವರೆಗೆ ನಿಂತೇ ಹೋಗುವ ಬೆಳಗಿನ ಬಸ್ಸಿನಲ್ಲಿ ಎರಡು ಕೈಯ ಕೆಲಸ ಎಲ್ಲಿ ಆದೀತು? ಸಂಜೆ ಸೀಟು ಸಿಕ್ಕಾಗ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಗುಂಡಿ ಒತ್ತುವ ಪಾಕೆಟ್ ಆಪರೇಟರ್ ಥರದ್ದು ಬೇಕಾದರೆ ನಡೆದೀತು. ಅದೂ ತೆರೆದ ಬೋರ್ಡು, ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಹಾಕಿದರೆ ಬಾಳುವುದಿಲ್ಲ, ಕವಚಕ್ಕೆ ಬೇರೆ ದುಡ್ಡು. ಒಟ್ಟಿನಲ್ಲಿ ‘ಪೋರ್ಟಬಲ್’ ಅನ್ನುವುದಕ್ಕೆ ಬಹಳ ಬೆಲೆ ಕಟ್ಟಬೇಡಿ. ನಾಟಕ ಕಂಪನಿಗಳ ಕಾಲದಲ್ಲಿ ಕಾಲಿನಿಂದ ತಿದಿ ತುಳಿಯುವ ಹಾರ್ಮೋನಿಯಂ ಕೂಡ ಮಡಚಿ ಕ್ಯಾಂಪಿನಿಂದ ಕ್ಯಾಂಪಿಗೆ ಲಾರಿಯಲ್ಲಿ ಹೋಗುತ್ತಿತ್ತು. ನಮ್ಮ ದಾವಣಗೆರೆಯ ಕೆ.ಬಿ.ಆರ್. ಕಂಪನಿ ಓಡಾಡಿದಷ್ಟು ಊರು ನಮ್ಮ ಯಾವ ಸಿಂಥೂ ಓಡಾಡಲಾರದು. ಸೆಲ್ಲಿನಲ್ಲಿ ನಡೆಯುವುದರ ನಿಜವಾದ ಲಾಭ ಮನೆಯೊಳಗೇ ಇದೆ. ಬೆಸ್ಕಾಂನವರು ಕರೆಂಟು ತೆಗೆದಾಗ ನಿಮ್ಮ ನುಡಿಸಾಣಿಕೆ ನಿಲ್ಲುವುದಿಲ್ಲ, ಕಾಟಿನ ಮೇಲೋ ತಾರಸಿಯ ಮೇಲೋ ಕೂರಬಹುದು.

ಈ ವಿಷಯದಲ್ಲಿ ನನ್ನದೊಂದು ಹಟ ಇದೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಒಳಗೇ ಮುಚ್ಚಿಟ್ಟ ಲಿಥಿಯಂ ಬ್ಯಾಟರಿಗಿಂತ ಎಎ ಸೆಲ್ಲು ಹಾಕುವ ವಾದ್ಯವೇ ನಮ್ಮ ಊರುಗಳಿಗೆ ಮೇಲು. ಲಿಥಿಯಂ ವರ್ಷಗಳು ಕಳೆದಂತೆ ಬಸವಳಿಯುತ್ತದೆ, ಬದಲಿಸಲು ಪೆಟ್ಟಿಗೆ ಬಿಚ್ಚಬೇಕು. ಎಎ ಆದರೆ ಮೂಲೆಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಚಾರ್ಜ್ ಮಾಡುವ ಸೆಲ್ಲು ಎರಡು ಸೆಟ್ ಇಟ್ಟುಕೊಂಡರೆ ವರ್ಷಗಟ್ಟಲೆ ಖರ್ಚಿಲ್ಲ. ಬಳಸದ ದಿನಗಳಲ್ಲಿ ತೆಗೆದಿಡಿ, ಸೋರಿದರೆ ತಗಡು ತುಕ್ಕು ಹಿಡಿದು ಹಾಳು. ಅಡಾಪ್ಟರ್ ಹಾಕುವುದಾದರೆ ವಾದ್ಯದ ಮೈಮೇಲಿನ ಗುರುತು ನೋಡಿ ಹಾಕಿ. ವೋಲ್ಕಾಗೆ 9 ವೋಲ್ಟ್, ನಡುವಿನ ಕಡ್ಡಿ ಪಾಸಿಟಿವ್. ಗಿಟಾರ್ ಪೆಡಲ್‌ಗಳದ್ದೂ 9 ವೋಲ್ಟೇ, ಪಿನ್ನೂ ಹೋಲುತ್ತದೆ, ಆದರೆ ಸಾಮಾನ್ಯವಾಗಿ ನಡುವಿನದು ನೆಗೆಟಿವ್. ‘ಎರಡೂ ಒಂದೇ’ ಅಂತ ಗೆಳೆಯರ ಅಡಾಪ್ಟರ್ ಚುಚ್ಚಿದರೆ ಬೋರ್ಡು ಸುಡಬಹುದು.

ಕೆಟ್ಟರೆ ಏನು ಗತಿ? ಹಾರ್ಮೋನಿಯಂ ರೀಡ್ ಬಿಚ್ಚಿ ಕೆರೆದು ಶ್ರುತಿ ಮಾಡುವ ಕೈಗಳು ನಮ್ಮಲ್ಲಿ ಇನ್ನೂ ಇವೆ. ಸಿಂಥ್ ಬೋರ್ಡಿಗೆ ದಾವಣಗೆರೆಯಲ್ಲೂ ದುರ್ಗದಲ್ಲೂ ಆ ಭಾಗ್ಯ ಇಲ್ಲ ಅಂತಲೇ ಲೆಕ್ಕ ಹಾಕಿ, ಬೆಂಗಳೂರಿಗೆ ಕಳಿಸಬೇಕು. ಒಪಿ-1ರ ಕತೆಯನ್ನೇ ನೋಡಿ, 2018ರಲ್ಲಿ ಅದರ ಪರದೆ ಸಿಗದೆ ಕಂಪನಿಯೇ ತಯಾರಿಕೆ ನಿಲ್ಲಿಸಬೇಕಾಗಿ ಬಂದಿತ್ತು. ಆದ್ದರಿಂದ ಯಾರೋ ದುಬೈಯಿಂದ ತಂದದ್ದು, ಬಿಲ್ಲಿಲ್ಲದೆ ಎಂಟು ಸಾವಿರ ಕಡಿಮೆ ಅಂದರೆ ಮರುಳಾಗಬೇಡಿ. ಇಲ್ಲಿನ ವಾರಂಟಿ ಇಲ್ಲದ ಸಿಂಥ್ ಕೆಟ್ಟ ದಿನ ಪೇಪರ್‌ವೇಯ್ಟ್ ಆಗುತ್ತದೆ. ಬಿಲ್ಲು ಸಮೇತ ಸಿಗುವ ಸೆಕೆಂಡ್‌ಹ್ಯಾಂಡ್ ಮಾತ್ರ ಒಳ್ಳೆಯ ದಾರಿ. ಆಸೆಯಿಂದ ಕೊಂಡು ಮೂರು ತಿಂಗಳಲ್ಲಿ ಬೇಸರ ಬಂದು ಮಾರುವವರು ಬಹಳ. ನೋಡಲು ಹೋದಾಗ ಸೆಲ್ಲಿನ ಗೂಡು ತೆಗೆಸಿ ತುಕ್ಕು ನೋಡಿ, ಪ್ರತಿ ನಾಬ್ ಮೆಲ್ಲಗೆ ತಿರುಗಿಸಿ ಕರಕರ ಸದ್ದು ಅಥವಾ ಹಾರುವಿಕೆ ಇದೆಯೇ ಕೇಳಿ, ಪ್ರತಿ ಕೀ ಒತ್ತಿ, ಹೆಡ್‌ಫೋನ್ ತೂತಿನಲ್ಲಿ ಪಿನ್ ಅಲುಗಿಸಿ ಎರಡೂ ಕಿವಿಗೆ ಕೇಳುತ್ತದೆಯೇ ನೋಡಿ.

ಲೆಕ್ಕಕ್ಕೆ ಬರೋಣ. ನಲವತ್ತೈದರಲ್ಲಿ ಮೊದಲು ಒಂದು ರೂಪಾಯಿಯನ್ನೂ ಮುಟ್ಟದೆ ಆ ಒಂದು ತಿಂಗಳ ಪರೀಕ್ಷೆ ಮುಗಿಸಿ. ಭಜನೆಗೇ ಹೊಸ ಸದ್ದು ಬೇಕು ಅಂತ ತೀರ್ಮಾನವಾದರೆ ಇಂಡಿಯನ್ ಸ್ವರಗಳಿರುವ, ಪಿಚ್ ಬೆಂಡ್ ಚಕ್ರವಿರುವ 61 ಕೀಗಳ ಕೀಬೋರ್ಡ್ ತೆಗೆದುಕೊಳ್ಳಿ. ನಿಮ್ಮ ಬಜೆಟ್ಟಿನೊಳಗೆ ಬಂದು ದುಡ್ಡೂ ಉಳಿಯುತ್ತದೆ, ಮಂಡಳಿಯವರೂ ಮೆಚ್ಚುತ್ತಾರೆ. ಸದ್ದು ಕೆತ್ತುವ ಹುಚ್ಚೇ ನಿಜವಾದರೆ ನನ್ನ ಓಟು ವೋಲ್ಕಾ ಕೀಸ್‌ಗೆ. ನಾಬ್‌ಗಳು ಎದುರಿಗೇ ಇವೆ, ಪರದೆಯೊಳಗೆ ಹುಡುಕುವ ಮೆನು ಇಲ್ಲ, ಕಲಿಯಲು ಇದಕ್ಕಿಂತ ಸಲೀಸು ನಾನು ಕಂಡಿಲ್ಲ. ಎಸ್-1 ಹೆಚ್ಚು ಕೆಲಸ ಮಾಡುತ್ತದೆ, ಆದರೆ ಒಂದೊಂದು ಗುಂಡಿಗೂ ಎರಡು ಮೂರು ಕೆಲಸ ಹೊರಿಸಿದ್ದಾರೆ, ಕೈಪಿಡಿ ಪಕ್ಕದಲ್ಲಿರಬೇಕು. ರೀಫೇಸ್ ಸಿಎಸ್ ನನಗೆ ಬಹಳ ಇಷ್ಟ, 37 ಕೀ, ಎಂಟು ಸ್ವರ, ನಿಮ್ಮ ಹಾರ್ಮೋನಿಯಂ ಬೆರಳಿಗೆ ಅದೇ ಹೆಚ್ಚು ಹತ್ತಿರ. ಆದರೆ ನೀವು ಕಟ್ಟಿದ ಸದ್ದನ್ನು ಅದು ತನ್ನೊಳಗೆ ಉಳಿಸಿಟ್ಟುಕೊಳ್ಳುವುದಿಲ್ಲ, ಫೋನಿಗೋ ಕಂಪ್ಯೂಟರಿಗೋ ಜೋಡಿಸಿಯೇ ಉಳಿಸಬೇಕು. ಆ ಬೆಲೆಗೆ ಈ ಕೊರತೆ ನನಗೆ ಹಿಡಿಸಲಿಲ್ಲ. ಮೊದಲ ಸಿಂಥ್ ಆಗಿ ಬೇಡ, ವರ್ಷದ ಮೇಲೂ ಹುಚ್ಚು ಇಳಿಯದಿದ್ದರೆ ಆಗ ಸೆಕೆಂಡ್‌ಹ್ಯಾಂಡ್ ನೋಡೋಣ.

ಕೊಂಡ ಮೇಲೆ ಒಂದು ದಿನ ಆಸೆ ತಡೆಯದೆ ಅದನ್ನು ಭಜನೆಗೂ ಒಯ್ಯುತ್ತೀರಿ, ನನಗೆ ಗೊತ್ತು. ಹಿಂದಿನಿಂದ ತಂಬೂರಿಯಂತೆ ಷಡ್ಜ–ಪಂಚಮದ ಹದವಾದ ಹಾಸು ಕೊಡಲು ಅದು ನಿಜಕ್ಕೂ ಚೆನ್ನ, ಅದಕ್ಕಿಂತ ಹೆಚ್ಚು ಮಾಡಲು ಹೋಗಬೇಡಿ. ಅಲ್ಲಿ ಮೈಕ್ ಸೆಟ್ಟಿನ ಹುಡುಗ ಒಂದು ಕಡೆ ಸಣ್ಣ ಹೆಡ್‌ಫೋನ್ ಪಿನ್ನು, ಇನ್ನೊಂದು ಕಡೆ ಎರಡು ಕಪ್ಪು ಗೆರೆಯ ದಪ್ಪ ಸ್ಟೀರಿಯೊ ಪಿನ್ನು ಇರುವ ಕೇಬಲ್ ತಂದು ಮಿಕ್ಸರಿಗೆ ಚುಚ್ಚುತ್ತಾನೆ. ಮಿಕ್ಸರ್ ಅದನ್ನು ಸ್ಟೀರಿಯೊ ಅಂತ ತಿಳಿಯುವುದಿಲ್ಲ, ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಕಡೆ ಒಂದೇ ಸದ್ದು ಇದ್ದದ್ದರಿಂದ ಬಹುಪಾಲು ಅಳಿಸಿಹೋಗಿ ತೆಳ್ಳಗೆ, ದೂರದಿಂದ ಬಂದಂತೆ ಕೇಳುತ್ತದೆ. ಅವನು ವಾಲ್ಯೂಮ್ ಏರಿಸುತ್ತಾ ಹೋಗುತ್ತಾನೆ, ನೀವು ಸಿಂಥ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಒಂದು ಸಣ್ಣ ಸ್ಟೀರಿಯೊ ಪಿನ್ನಿನಿಂದ ಎರಡು ಮೋನೊ ಪಿನ್ನಾಗಿ ಕವಲೊಡೆಯುವ ವೈ ಕೇಬಲ್ ಕೊಂಡು ಚೀಲದಲ್ಲೇ ಇಟ್ಟುಕೊಳ್ಳಿ, ಒಂದೇ ಚಾನೆಲ್ ಸಿಕ್ಕರೆ ಎಡದ ಪಿನ್ನಷ್ಟೇ ಚುಚ್ಚಿ. ಇನ್ನೂರು ಮುನ್ನೂರು ರೂಪಾಯಿಯ ಸಾಮಾನು, ಸಿಂಥ್ ಕೊಂಡ ದಿನವೇ ತೆಗೆದುಕೊಳ್ಳಿ.